ಕಿಡಿ ಹೂ ಬಿಡದ ಚಾಕು

ನಮ್ಮ ಬೀದಿಗೆ ಸಾಣೆಯವನು ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅದರ ಮೇಲೆಯೇ ಕುಳಿತು ಪೆಡಲ್ ತುಳಿದರೆ ಮುಂದೆ ಕಟ್ಟಿದ ಸಾಣೆಕಲ್ಲು ಗಿರ್ರನೆ ತಿರುಗುತ್ತಿತ್ತು. ಒಂದು ಸಲ ಅಮ್ಮ, ಅಪ್ಪ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದ ಮಡಚುವ ಚಾಕುವನ್ನು ಅವನ ಕೈಗೆ ಕೊಟ್ಟಳು. ಅಲಗಿನ ಮೇಲೆ ಇಂಗ್ಲಿಷಿನಲ್ಲಿ ‘ಸೋಲಿಂಗನ್, ಜರ್ಮನಿ’ ಎಂದು ಕೊರೆದಿತ್ತು. ಸೋಲಿಂಗನ್ನಿಗೆ ಒಂದು ‘ಎಲ್’ ಹೆಚ್ಚಾಗಿ ಬಿದ್ದಿತ್ತು. ಅದು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸಾಣೆಯವನು ಅಕ್ಷರದ ಗೊಡವೆಗೇ ಹೋಗಲಿಲ್ಲ. ಕಲ್ಲಿಗೆ ತಾಗಿಸಿ, ಹಾರುವ ಕಿಡಿ ನೋಡಿದ. “ಕಿಡಿ ಹೂ ಬಿಡ್ತಿಲ್ಲ ಕಣಮ್ಮಾ, ಬರೀ ಉದ್ದುದ್ದ ಗೀಟು ಹೋಗ್ತಾ ಐತೆ. ಇದು ಉಕ್ಕಲ್ಲ, ಬರೀ ಕಬ್ಬಿಣ. ಎಷ್ಟು ಮಸೆದರೂ ನಿಲ್ಲಲ್ಲ” ಅಂದ. ದುಡ್ಡು ಮಾತ್ರ ಪೂರಾ ತೆಗೆದುಕೊಂಡ.

ಅವನ ಮಾತು ಸರಿಯೇ. ಉಕ್ಕಿನಲ್ಲಿ ಇಂಗಾಲ ಹೆಚ್ಚಿದ್ದರೆ ಸಾಣೆಯ ಕಿಡಿ ಗಾಳಿಯಲ್ಲಿ ಕವಲೊಡೆದು ಸುರ್‌ಸುರ್ ಬತ್ತಿಯ ಹಾಗೆ ಸಿಡಿಯುತ್ತದೆ. ಮೆದು ಕಬ್ಬಿಣದ ಕಿಡಿ ನೆಟ್ಟಗೆ ಹೋಗಿ ಆರುತ್ತದೆ. ಅಲಗಿನ ಮೇಲೆ ಬರೆದದ್ದು ಒಂದು, ಒಳಗಿರುವುದು ಇನ್ನೊಂದು. ಇಂದು ಜಗತ್ತಿನ ಚಾಕು ಸಂಗ್ರಹಕಾರರು ನಿದ್ದೆಗೆಡುವುದು ಇದೊಂದೇ ಕಾರಣಕ್ಕೆ.

ಆ ಹೆಚ್ಚುವರಿ ‘ಎಲ್’ನ ಜಾಡು ಹಿಡಿದು ಹೊರಟರೆ ತಲುಪುವುದು ಜರ್ಮನಿಯ ಪಶ್ಚಿಮದಲ್ಲಿ, ಕೋಲೋನ್ ಮತ್ತು ಡ್ಯುಸೆಲ್‌ಡಾರ್ಫ್ ನಗರಗಳ ಹತ್ತಿರದ ಸೋಲಿಂಗನ್‌ಗೆ. ಮಧ್ಯಯುಗದಿಂದ ಕತ್ತಿ, ಆಮೇಲೆ ಚಾಕು, ಕತ್ತರಿ, ಕ್ಷೌರದ ಕತ್ತಿ ಮಾಡಿಕೊಂಡು ಬಂದ ಊರು. ಒಬ್ಬರ ಪಕ್ಕ ಒಬ್ಬರು ನಿಂತ ಅವಳಿಗಳ ಗುರುತನ್ನು ಪೀಟರ್ ಹೆಂಕೆಲ್ಸ್ ಎಂಬಾತ ಇಲ್ಲಿನ ಕಸುಬುದಾರರ ಸಂಘದಲ್ಲಿ ನೋಂದಾಯಿಸಿದ್ದು 1731ರಲ್ಲಿ. ‘ಜ್ವಿಲ್ಲಿಂಗ್’ ಕಂಪನಿಯ ಚಾಕುಗಳ ಮೇಲೆ ಆ ಅವಳಿಗಳು ಈಗಲೂ ನಿಂತಿದ್ದಾರೆ.

ಇದೇ ಊರಿನ ಹಳೆಯ ರೈಲು ಸರಕಿನ ಮಳಿಗೆಗಳ ಸಾಲಿನಲ್ಲಿ ಒಂದು ವಿಚಿತ್ರ ಮ್ಯೂಸಿಯಂ ಇದೆ. ಹೆಸರು ‘ಪ್ಲಾಜಿಯಾರಿಯಸ್’. ಅಸಲಿ ವಸ್ತು ಮತ್ತು ಅದರ ನಕಲನ್ನು ಅಕ್ಕಪಕ್ಕ ಇಟ್ಟು ತೋರಿಸುವುದೇ ಅದರ ಕೆಲಸ. ರಿಡೋ ಬುಸ್ಸೆ ಎಂಬ ವಿನ್ಯಾಸಕಾರ 1977ರಲ್ಲಿ ಫ್ರಾಂಕ್‌ಫರ್ಟಿನ ಮೇಳವೊಂದರಲ್ಲಿ ತಾನು ರೂಪಿಸಿದ್ದ ತಕ್ಕಡಿಯ ಪಡಿಯಚ್ಚು ಬೇರೆಯವರ ಮಳಿಗೆಯಲ್ಲಿ ಕುಳಿತಿದ್ದನ್ನು ಕಂಡು ಉರಿದುಹೋದ. ಆ ಸಿಟ್ಟು ಒಂದು ಪ್ರಶಸ್ತಿಯಾಯಿತು: ಮೈಯೆಲ್ಲ ಕಪ್ಪು, ಮೂಗು ಮಾತ್ರ ಚಿನ್ನದ್ದಾಗಿರುವ ಒಂದು ಕುಳ್ಳನ ಗೊಂಬೆ. ವರ್ಷವರ್ಷವೂ ನಾಚಿಕೆಗೆಟ್ಟ ನಕಲುಗಾರರಿಗೆ ಇದನ್ನು ‘ಪ್ರದಾನ’ ಮಾಡುತ್ತಾರೆ. ಇಸಿದುಕೊಳ್ಳಲು ಬರುವವರು ಕಡಿಮೆ ಎಂದು ಬೇರೆ ಹೇಳಬೇಕಿಲ್ಲ. 2007ರಲ್ಲಿ ಮ್ಯೂಸಿಯಂ ಸೋಲಿಂಗನ್ನಿನಲ್ಲಿ ಬಾಗಿಲು ತೆರೆಯಿತು. ನಕಲಿನ ಪೆಟ್ಟು ತಿಂದ ಊರು, ಇಲ್ಲಲ್ಲದೆ ಇನ್ನೆಲ್ಲಿ ಎಂದು ಯಾರಿಗಾದರೂ ಅನ್ನಿಸಬೇಕು.

ಆದರೆ ಆ ಊರಿನ ಹಳೆಯ ಕಡತ ಬಿಚ್ಚಿದರೆ ಕಳ್ಳನೂ ಅದೇ.

ದಕ್ಷಿಣದ ಪಸ್ಸಾವ್ ಊರಿನ ಕತ್ತಿಗಳ ಮೇಲೆ ಓಡುವ ತೋಳದ ಗುರುತು ಇರುತ್ತಿತ್ತು. ಅದಕ್ಕೆ ಹೆಸರು ಬಂದದ್ದೇ ತಡ, ಸೋಲಿಂಗನ್ನಿನ ಕಮ್ಮಾರರ ಅಲಗುಗಳ ಮೇಲೂ ತೋಳ ಓಡತೊಡಗಿತು. ಇಟಲಿಯ ಅಂದ್ರೆಯಾ ಫೆರಾರಾ ಎಂಬ ಹೆಸರಿಗೆ ಸ್ಕಾಟ್ಲೆಂಡಿನಲ್ಲಿ ಮರ್ಯಾದೆ ಇತ್ತು. ಸರಿ, ಆ ಹೆಸರು ಹೊತ್ತ ನೂರಾರು ಅಲಗುಗಳು ಸೋಲಿಂಗನ್ನಿನ ಕುಲುಮೆಗಳಿಂದ ಹೊರಟವು. ಹತ್ತೊಂಬತ್ತನೇ ಶತಮಾನಕ್ಕೆ ಸರದಿ ಇಂಗ್ಲೆಂಡಿನ ಶೆಫೀಲ್ಡಿನದು. ಆ ಊರಿನ ಕಸುಬುದಾರರಿಗೆ 1624ರಲ್ಲೇ ಪಾರ್ಲಿಮೆಂಟಿನ ಕಾನೂನಿನ ಮೂಲಕ ಒಂದು ಸಂಘ ಸಿಕ್ಕಿತ್ತು. ಯಾರ ಮೊಹರು ಯಾವುದು ಎಂದು ಬರೆದಿಡುವುದೂ, ಕದ್ದವನನ್ನು ಹಿಡಿಯುವುದೂ ಅದರ ಕೆಲಸ. ಕಡಲಾಚೆಯವನ ಮೇಲೆ ಅದರ ಕೈ ಸಾಗಲಿಲ್ಲ. ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆಯ ಗುರುತಿಗೆ ವಸಾಹತುಗಳಲ್ಲೆಲ್ಲ ಬೆಲೆ ಬಂದ ಹೊತ್ತಿಗೆ, ಎರಕದ ಕಬ್ಬಿಣದ ಜರ್ಮನ್ ಚಾಕುಗಳು ಶೆಫೀಲ್ಡ್ ಎಂಬ ಮುದ್ರೆ ಹೊತ್ತು ಹಡಗು ಹತ್ತುತ್ತಿದ್ದವು. ಎರಕದ್ದು ಅಂದರೆ ಅಚ್ಚಿಗೆ ಸುರಿದದ್ದು. ಮೇಲೆ ಹೊಳಪು, ಒಂದು ಹಲಗೆಯ ಮೇಲೆ ನಾಲ್ಕು ಸಲ ಕೊಚ್ಚಿದರೆ ಬಾಯಿ ಮೊಂಡು.

ಶೆಫೀಲ್ಡಿನ ದೂರು ಲಂಡನ್ ಮುಟ್ಟಿ 1887ರ ಸರಕು ಗುರುತು ಕಾಯ್ದೆ ಹುಟ್ಟಿತು. ತಾಯ್ನಾಡಿನ ಹೆಸರು ಬರೆಯದೆ ಬ್ರಿಟಿಷ್ ಹೆಸರಿನ ಹಿಂದೆ ಅಡಗಿದರೆ ಸರಕು ಜಪ್ತಿ. ಅಲ್ಲಿಂದ ಮುಂದೆ ಜರ್ಮನ್ ಸರಕಿನ ಮೇಲೆ ‘ಮೇಡ್ ಇನ್ ಜರ್ಮನಿ’ ಎಂದು ಬರೆಯಬೇಕಾಯಿತು. ಹಣೆಗೆ ಬರೆ ಎಳೆಯಲೆಂದು ಮಾಡಿದ ಕಾನೂನು ಕೆಲವೇ ದಶಕಗಳಲ್ಲಿ ಹಣೆಯ ತಿಲಕವಾಗಿಬಿಟ್ಟಿತು. ಆಮೇಲೆ ಸೋಲಿಂಗನ್ನೇ ಕಾನೂನಿನ ಮರೆ ಹೊಕ್ಕಿತು. ತಯಾರಿಕೆಯ ಮುಖ್ಯ ಹಂತಗಳೆಲ್ಲ ಆ ಊರ ಸೀಮೆಯೊಳಗೇ ಮುಗಿಯದೆ ಆ ಹೆಸರು ಹಾಕುವಂತಿಲ್ಲ ಎಂಬ ಕಾಯ್ದೆ ಬಂದದ್ದು 1938ರಲ್ಲಿ. 1994ರಲ್ಲಿ ಅದನ್ನು ಮತ್ತೆ ಬರೆದು ಗಟ್ಟಿ ಮಾಡಿದರು. ಅಪ್ಪನ ಚಾಕುವಿನ ಒಂದು ‘ಎಲ್’ ಹೆಚ್ಚಾದದ್ದು ಅಜ್ಞಾನದಿಂದಲೋ ಈ ಕಾಯ್ದೆಯ ಅರಿವಿನಿಂದಲೋ, ಅದನ್ನು ಕೊರೆದ ಜಾಣನೇ ಹೇಳಬೇಕು.

ನಮ್ಮ ಕಡೆಗೂ ಈ ಕಥೆಯ ಒಂದು ಕವಲು ಹರಿದಿದೆ. ದಖ್ಖನ್ನಿನ ಸೈನ್ಯಗಳಲ್ಲಿ ‘ಫಿರಂಗಿ’ ಎಂಬ ನೇರ ಕತ್ತಿಗೆ ಭಾರಿ ಬೆಲೆ. ಅಲಗು ಯೂರೋಪಿನದು, ಹಿಡಿ ಇಲ್ಲಿನದು. ಬೇಡಿಕೆ ಏರಿದಂತೆ ಇಲ್ಲಿನ ಕಮ್ಮಾರರೂ ಅದೇ ಮಾದರಿಯ ಅಲಗು ಬಡಿದರು. ತಮಾಷೆಯೆಂದರೆ ಯೂರೋಪಿನವರು ಕಣ್ಣಿಟ್ಟದ್ದು ಇಲ್ಲಿನ ಉಕ್ಕಿನ ಮೇಲೆ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ 1795ರಲ್ಲಿ ಜಾರ್ಜ್ ಪಿಯರ್ಸನ್ ‘ವೂಟ್ಸ್’ ಎಂಬ ಭಾರತದ ಉಕ್ಕಿನ ಮೇಲೆ ಪ್ರಬಂಧ ಓದಿದ. ಆ ಹೆಸರು ಕನ್ನಡ, ತೆಲುಗುಗಳ ‘ಉಕ್ಕು’ ಎಂಬುದರ ತಿರುಚಿದ ರೂಪ ಎಂಬುದು ಬಹುತೇಕರು ಒಪ್ಪಿರುವ ವಿವರಣೆ. ಮುಚ್ಚಿದ ಮಣ್ಣಿನ ಮೂಸೆಯಲ್ಲಿ ಕರಗಿಸಿ ನಿಧಾನ ಆರಿಸಿದ ಗಟ್ಟಿ ಅದು. ಬಡಿದು ಹುಳಿ ಕೊಟ್ಟರೆ ಅಲಗಿನ ಮೇಲೆ ನೀರಿನ ಅಲೆ ಏಳುತ್ತದೆ. ಇಂಗ್ಲಿಷಿನವರು ನಮ್ಮ ಉಕ್ಕನ್ನು ಬಯಸುತ್ತಿದ್ದಾಗ ನಾವು ಅವರ ನೆರೆಯವರ ಮುದ್ರೆಯನ್ನು ಬಯಸುತ್ತಿದ್ದೆವು. ‘ಮೇಡ್ ಇನ್ ಯುಎಸ್‌ಎ’ ಎಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಶನ್ ಎಂಬ ಜೋಕು ಕೇಳಿ ನಕ್ಕ ತಲೆಮಾರಿಗೆ ಇದು ಹೊಸತೇನಲ್ಲ.

ಆ ಅಲೆಗೆ ‘ಡಮಾಸ್ಕಸ್’ ಎಂಬ ಹೆಸರು. ಆ ಹೆಸರಿನಲ್ಲಿ ಇಂದು ನಡೆಯುವ ವ್ಯಾಪಾರ ನೋಡಬೇಕು. ‘ಡಮಾಸ್ಕಸ್’ ಎಂದು ಮಾರುವ ಇಂದಿನ ಚಾಕುಗಳಲ್ಲಿ ಹೆಚ್ಚಿನವು ಮೂಸೆಯ ಉಕ್ಕಿನವಲ್ಲ, ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದವು. ಅಮೆರಿಕದ ಬಿಲ್ ಮೊರಾನ್ 1973ರಲ್ಲಿ ಇಂಥ ಚಾಕುಗಳನ್ನು ಪ್ರದರ್ಶನಕ್ಕಿಟ್ಟ ಮೇಲೆ ಈ ವಿದ್ಯೆಗೆ ಮರುಹುಟ್ಟು ಬಂತು. ಇದರಲ್ಲಿ ಮೋಸವಿಲ್ಲ, ಬೆಸೆದವನ ಬೆವರಿದೆ. ಮೋಸ ಇರುವುದು ಸಾದಾ ಸ್ಟೇನ್‌ಲೆಸ್ ತಗಡಿನ ಮೇಲೆ ಲೇಸರಿನಿಂದ ಅಲೆ ಬರೆದು ಅದೇ ಹೆಸರಿನಲ್ಲಿ ಮಾರುವುದರಲ್ಲಿ. ಉಜ್ಜುಕಾಗದದಿಂದ ಒಂದು ಮೂಲೆ ಉಜ್ಜಿ ಮತ್ತೆ ಹುಳಿಗೆ ಅದ್ದಿದರೆ ಅಸಲಿಯಲ್ಲಿ ಅಲೆ ತಿರುಗಿ ಮೂಡುತ್ತದೆ, ನಕಲಿಯಲ್ಲಿ ಹೋದದ್ದು ಹೋಯಿತು. ಅಲಗಿನ ಬೆನ್ನು ನೋಡಿದರೂ ಸಾಕು. ಬರೆದ ಅಲೆ ಅಂಚಿಗೆ ಬಂದು ನಿಂತುಬಿಡುತ್ತದೆ.

ಹೆಸರೇ ಯಾರದೂ ಅಲ್ಲದಿದ್ದರೆ? ಫ್ರಾನ್ಸಿನ ಅವೆರೋನ್ ಸೀಮೆಯಲ್ಲಿ ಸಾವಿರದ ಚಿಲ್ಲರೆ ಜನರಿರುವ ಒಂದು ಹಳ್ಳಿ ಇದೆ, ಲಾಯೋಲ್. ಹಿಡಿಯ ಮೇಲೆ ಜೇನುನೊಣ ಕುಳಿತ, ಬಾಗಿದ ಬೆನ್ನಿನ ಮಡಚುವ ಚಾಕು ಅಲ್ಲಿನದು. 1829ರ ಸುಮಾರಿಗೆ ರೂಪುಗೊಂಡದ್ದು ಎನ್ನುತ್ತಾರೆ. ಕಾಲಕ್ರಮದಲ್ಲಿ ತಯಾರಿಕೆ ಪೂರ್ತಿ ತಿಯೇರ್ ಎಂಬ ದೂರದ ಊರಿಗೆ ಹೋಗಿ, ಹಳ್ಳಿಯಲ್ಲಿ ಕುಲುಮೆಯೇ ಉಳಿಯಲಿಲ್ಲ. ಮತ್ತೆ ಹೊತ್ತಿದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಆ ಹೆಸರು ಒಂದು ನಮೂನೆಯ ಚಾಕುವಿನ ಸಾಮಾನ್ಯನಾಮವಾಗಿಬಿಟ್ಟಿತ್ತು, ನಮ್ಮಲ್ಲಿ ‘ಜೆರಾಕ್ಸ್’ ಆದ ಹಾಗೆ. ಯಾರು ಬೇಕಾದರೂ, ಎಲ್ಲಿ ಬೇಕಾದರೂ ಮಾಡಬಹುದಿತ್ತು. ಸಾಲದ್ದಕ್ಕೆ 1993ರಲ್ಲಿ ಹೊರಗಿನ ಉದ್ಯಮಿಯೊಬ್ಬ ಆ ಹೆಸರನ್ನು ಹತ್ತಾರು ಬಗೆಯ ಸರಕಿಗೆ ತನ್ನದೆಂದು ನೋಂದಾಯಿಸಿಕೊಂಡ. 2012ರಲ್ಲಿ ಹಳ್ಳಿಯವರು ರೋಸಿಹೋಗಿ ಊರಿನ ನಾಮಫಲಕವನ್ನೇ ಕಿತ್ತುಹಾಕಿದರು. ಹೆಸರೇ ನಮ್ಮದಲ್ಲದ ಮೇಲೆ ಫಲಕ ಯಾಕೆ ಎಂಬ ಲೆಕ್ಕ. 2019ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಆತನ ಹಲವು ನೋಂದಣಿಗಳನ್ನು ರದ್ದು ಮಾಡಿತು. ಅಗ್ಗದ ಲಾಯೋಲ್ ಚಾಕುಗಳು ಮಾತ್ರ ಇಂದಿಗೂ ಎಲ್ಲ ದೇಶದ ಅಂಗಡಿಗಳಲ್ಲೂ ಸಿಗುತ್ತವೆ. ಅವನ್ನು ನಕಲಿ ಎನ್ನಲು ಬಹುಕಾಲ ಕಾನೂನಿನ ಬಾಯಿ ಬರಲಿಲ್ಲ, ಅಸಲಿ ಎನ್ನಲು ಹಳ್ಳಿಯವರಿಗೆ ಮನಸ್ಸು ಬರುವುದಿಲ್ಲ.

ಇವೆಲ್ಲ ಊರಿನ ಹೆಸರಿನ ಜಗಳ. ಒಬ್ಬನೇ ಒಬ್ಬ ಮನುಷ್ಯನ ಹೆಸರಿಗೆ ಬೆಲೆ ಬಂದಾಗ ಆಟದ ಬಗೆಯೇ ಬೇರೆ. ಬಾಬ್ ಲವ್‌ಲೆಸ್ ಎಂಬ ಅಮೆರಿಕನ್ನನ ಕಥೆಯನ್ನು ಚಾಕು ಪ್ರಿಯರು ಪುರಾಣದಂತೆ ಹೇಳುತ್ತಾರೆ. 1950ರ ದಶಕದ ಮೊದಲರ್ಧ. ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಪ್ರಸಿದ್ಧ ರ‍್ಯಾಂಡಲ್ ಚಾಕು ಕೇಳಿದನಂತೆ. ತಿಂಗಳುಗಟ್ಟಲೆ ಕಾಯಬೇಕು ಎಂದರು. ಗುಜರಿಯಿಂದ ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿ ತಂದು ತಾನೇ ಒಂದು ಮಾಡಿಕೊಂಡ. ಮುಂದೆ ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ಆತ ಮಾಡಿದ ಬೇಟೆ ಚಾಕುವಿನ ಆಕಾರ, ಬೆನ್ನಿನಿಂದ ಮೆಲ್ಲಗೆ ಇಳಿದು ಬರುವ ಆ ಮೊನೆ, ಜಗತ್ತಿನ ಮಾದರಿಯಾಯಿತು. 2010ರಲ್ಲಿ ತೀರಿಕೊಂಡ ಆತನ ಚಾಕುಗಳಿಗೆ ಇಂದು ಸಾವಿರಾರು ಡಾಲರ್ ಬೆಲೆ.

ಲವ್‌ಲೆಸ್ ತನ್ನ ವಿದ್ಯೆಯನ್ನು ಮುಚ್ಚಿಟ್ಟವನಲ್ಲ, ಕೇಳಿದವರಿಗೆ ಕಲಿಸಿದ. ಹಾಗಾಗಿ ‘ಲವ್‌ಲೆಸ್ ಶೈಲಿ’ಯ ಚಾಕುಗಳನ್ನು ಪ್ರಾಮಾಣಿಕವಾಗಿ, ತಮ್ಮದೇ ಹೆಸರಿನಲ್ಲಿ ಮಾಡುವ ಕಸುಬುದಾರರು ಅಮೆರಿಕದಿಂದ ಜಪಾನಿನವರೆಗೆ ಇದ್ದಾರೆ. ಖದೀಮನಿಗೆ ಬೇಕಾದ್ದೂ ಅದೇ. ಅರ್ಧ ಕೆಲಸ ಆಗಲೇ ಮುಗಿದಿದೆ; ಒಳ್ಳೆಯ ಕೈಯವನೊಬ್ಬನ ಚಾಕು ತಂದು, ಅವನ ಗುರುತು ಅಳಿಸಿ ಲವ್‌ಲೆಸ್‌ನದ್ದನ್ನು ಮೂಡಿಸಿದರೆ ಆಯಿತು. ಆತನ ಗುರುತುಗಳಲ್ಲೊಂದು ಒರಗಿ ಮಲಗಿದ ಬತ್ತಲೆ ಹೆಣ್ಣು. ಕೆಲವು ಚಾಕುಗಳಲ್ಲಿ ಅಲಗಿನ ಒಂದು ಮಗ್ಗುಲಲ್ಲಿ ಆಕೆಯ ಮುಂಭಾಗ, ಇನ್ನೊಂದರಲ್ಲಿ ಬೆನ್ನು. ಎರಡೂ ಇದ್ದರೆ ಬೆಲೆ ಇನ್ನಷ್ಟು ಮೇಲೆ. ಆ ಪುಟ್ಟ ಚಿತ್ರದ ರೇಖೆಗಳನ್ನು ಭೂತಗನ್ನಡಿಯಲ್ಲಿ ಓದಿ ಹೌದು, ಅಲ್ಲ ಎನ್ನುವ ಪರಿಣತರಿದ್ದಾರೆ. ಗಂಭೀರ ಮುಖದ ಹಿರಿಯರು ಗಂಟೆಗಟ್ಟಲೆ ಆಕೆಯ ಬೆನ್ನು ಪರೀಕ್ಷಿಸುವ ದೃಶ್ಯ ಎಲ್ಲಾದರೂ ಸಿಕ್ಕರೆ ಬಿಡಬಾರದು.

ಕಾರ್ಖಾನೆಯ ನಕಲಿನ ವರಸೆ ಬೇರೆ. ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಐಡಾಹೊಗೆ ಹೋಗಿ ನೆಲೆಸಿದ ಕ್ರಿಸ್ ರೀವ್ ಎಂಬಾತನ ‘ಸೆಬೆಂಜಾ’ ಮಡಚುವ ಚಾಕುಗಳ ರಾಜ. ಜುಲು ಭಾಷೆಯಲ್ಲಿ ಆ ಪದಕ್ಕೆ ದುಡಿಮೆ ಎಂದರ್ಥ. ಟೈಟೇನಿಯಂ ಹಿಡಿಯ ಒಂದು ಮಗ್ಗುಲೇ ಬಾಗಿ ಬಂದು ಅಲಗಿಗೆ ಬೀಗವಾಗುವುದು ಆತನ ಕಾಣಿಕೆ. ನಾಲ್ಕೈದು ನೂರು ಡಾಲರಿನ ಈ ಚಾಕುವಿನ ತದ್ರೂಪು ಅದರ ಹತ್ತನೇ ಒಂದು ಪಾಲಿಗೆ ಸಿಗುತ್ತದೆ, ಪೆಟ್ಟಿಗೆಯ ಸಮೇತ. ಅಸಲಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ನಡೆಸುವ ಯಂತ್ರಕ್ಕೆ ಉಣಿಸಿದರೆ ಕೂದಲೆಳೆಯಷ್ಟು ಅಳತೆಯೂ ತಪ್ಪದು. ಕೊಳ್ಳುವವರಲ್ಲೂ ಎರಡು ಪಂಗಡ. ತಿಳಿಯದೆ ಮೋಸ ಹೋದವರು ಒಂದು ಕಡೆ. ‘ಕ್ಲೋನ್’ ಎಂದು ಗೊತ್ತಿದ್ದೇ ಕೊಂಡು ಬೀಗುವವರು ಇನ್ನೊಂದು ಕಡೆ. ಎರಡನೆಯವರ ಈ ಹೆಮ್ಮೆ ನನಗೆ ಹಿಡಿಸುವುದಿಲ್ಲ. ಅವರ ಕೈಯ ಚಾಕು ಮೂರನೇ ಕೈಗೆ ಹೋಗುವಾಗ ‘ಕ್ಲೋನ್’ ಎಂಬ ಮಾತು ಜೊತೆಗೆ ಹೋಗುವುದಿಲ್ಲ.

ಈ ತದ್ರೂಪುಗಳಿಗಾಗಿ ಚೀನಾದತ್ತ ಬೆರಳು ತೋರಿಸಿ ಸುಮ್ಮನಾಗುವ ಹಾಗೂ ಇಲ್ಲ. ಗ್ವಾಂಗ್‌ಡಾಂಗ್ ಪ್ರಾಂತದ ಯಾಂಗ್‌ಜಿಯಾಂಗ್ ಆ ದೇಶದ ಚಾಕುವಿನ ಊರು. ಅಮೆರಿಕದ ಹೆಸರಾಂತ ವಿನ್ಯಾಸಕಾರರು ಇಂದು ತಮ್ಮ ಉತ್ತಮ ಚಾಕುಗಳನ್ನು ಚೀನಾದಲ್ಲಿ ಮಾಡಿಸಿ, ಹಾಗೆಂದು ಅದರ ಮೇಲೆ ಬರೆದೇ ಮಾರುತ್ತಾರೆ. ಅಲ್ಲಿನ ಕಂಪನಿಗಳ ಸ್ವಂತ ವಿನ್ಯಾಸಗಳಿಗೂ ಅಭಿಮಾನಿಗಳಿದ್ದಾರೆ, ಅವುಗಳನ್ನು ನಕಲು ಮಾಡುವವರೂ ಹುಟ್ಟಿಕೊಂಡಿದ್ದಾರೆ. ಸೋಲಿಂಗನ್ ನಡೆದ ದಾರಿ.

ಇಷ್ಟೆಲ್ಲ ಕದ್ದರೂ ನಕಲುಗಾರನ ಕೈಗೆ ಸಿಗದ್ದು ಹದ. ಅಲಗನ್ನು ಎಷ್ಟು ಶಾಖಕ್ಕೆ ಏರಿಸಿ, ಎಷ್ಟು ಹೊತ್ತು ಹಿಡಿದು, ಎಷ್ಟು ಬೇಗ ತಣಿಸಿ, ಮತ್ತೆ ಯಾವ ಶಾಖದಲ್ಲಿ ಬೇಯಿಸಿದರು ಎಂಬುದು ಮುಗಿದ ಚಾಕುವಿನ ಮೇಲೆ ಎಲ್ಲೂ ಕಾಣುವುದಿಲ್ಲ. ಕಾಣದ್ದಕ್ಕೆ ಖರ್ಚು ಮಾಡುವ ದರ್ದು ನಕಲುಗಾರನಿಗಿಲ್ಲ. ಉಕ್ಕಿನ ಜಾತಿಯಲ್ಲೂ ಅದೇ ಕಥೆ. 2009ರಲ್ಲಿ ಬಂದ ‘ಎಸ್35ವಿಎನ್’ ಎಂಬ ಉಕ್ಕಿನಲ್ಲಿ ಶೇ. 3ರಷ್ಟು ವೆನೇಡಿಯಂ, ಶೇ. 0.5ರಷ್ಟು ನಿಯೋಬಿಯಂ ಇರುತ್ತದೆ. ಅಲಗಿನ ಮೇಲೆ ಆ ಹೆಸರು ಕೊರೆಯುವುದು ಯಂತ್ರಕ್ಕೆ ಕ್ಷಣದ ಕೆಲಸ. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಉಪಕರಣವನ್ನು ಅಲಗಿಗೆ ತೋರಿಸಿದರೆ ನಿಯೋಬಿಯಂ ಇದೆಯೋ ಇಲ್ಲವೋ ತಿಳಿಯುತ್ತದೆ. ಇಂಗಾಲ ಎಷ್ಟು ಎಂದು ಮಾತ್ರ ಆ ದುಬಾರಿ ಉಪಕರಣ ಹೇಳಲಾರದು, ಅಷ್ಟು ಹಗುರ ಧಾತು ಅದರ ಕಣ್ಣಿಗೆ ಬೀಳುವುದಿಲ್ಲ. ಸಾಣೆಕಲ್ಲಿನ ಕಿಡಿ ಹೇಳುತ್ತದೆ. ಆದರೆ ಸಾವಿರ ಡಾಲರಿನ ಚಾಕುವನ್ನು ಸಾಣೆಗೆ ಕೊಡುವ ಎದೆಗಾರಿಕೆ ಯಾವ ಸಂಗ್ರಹಕಾರನಿಗಿದೆ?

ಹೆಸರು ಕದಿಯುವ ಈ ಆಟ ಇಂದು ನಿನ್ನೆಯದಲ್ಲ. ಒಂಬತ್ತರಿಂದ ಹನ್ನೊಂದನೇ ಶತಮಾನದ ನಡುವಿನ ಸುಮಾರು 170 ಕತ್ತಿಗಳು ಯೂರೋಪಿನ ನದಿಗಳಲ್ಲಿ, ಗೋರಿಗಳಲ್ಲಿ ಸಿಕ್ಕಿವೆ. ಎಲ್ಲದರ ಅಲಗಿನಲ್ಲೂ ಕಬ್ಬಿಣದ ತಂತಿ ಕೂರಿಸಿ ಬರೆದ ಒಂದೇ ಹೆಸರು, ಉಲ್ಫ್‌ಬೆರ್ಟ್. ಮುಂದೊಂದು, ಹಿಂದೊಂದು ಶಿಲುಬೆ. ಲೋಹತಜ್ಞ ಅಲನ್ ವಿಲಿಯಮ್ಸ್ ಹಲವು ಕತ್ತಿಗಳ ಚೂರು ತೆಗೆದು ಪರೀಕ್ಷಿಸಿದಾಗ, ಇಂಗಾಲ ತುಂಬಿದ ಉತ್ತಮ ಉಕ್ಕಿನವುಗಳಲ್ಲಿ ಎರಡನೇ ಶಿಲುಬೆ ಕೊನೆಯ ‘ಟಿ’ ಅಕ್ಷರಕ್ಕಿಂತ ಮೊದಲು ಬಂದಿತ್ತು. ಸಾದಾ ಕಬ್ಬಿಣದ ಅನೇಕವುಗಳಲ್ಲಿ ಅದು ‘ಟಿ’ಯ ಆಚೆಗೆ ಸರಿದಿತ್ತು. ಎರಡನೆಯವು ಅಂದಿನ ನಕಲಿಗಳು ಎಂಬುದು ಅವರ ವಾದ. ಈಗ ಎರಡೂ ಬಗೆಯವು ಮ್ಯೂಸಿಯಂಗಳ ಗಾಜಿನ ಒಳಗಿವೆ.

ಒಂದು ‘ಎಲ್’ ಹೆಚ್ಚಿರುವ ನಮ್ಮನೆಯ ಚಾಕು ಅಡುಗೆಮನೆಯ ಡ್ರಾಯರಿನಲ್ಲಿದೆ. ಅಮ್ಮ ಅದರಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಾಳೆ, ಎರಡು ಸಲ ಎಳೆದು.