ನಿಮಗಿದು ಗೊತ್ತೆ? ಮೊದಲು ಲೇತ್, ಕೊನೆಗೆ ಗ್ರೈಂಡಿಂಗ್: ಕ್ರಮ ಹೇಳುವ ಕಂಪ್ಯೂಟರ್

ಯಂತ್ರದ ಬಿಡಿಭಾಗ ಹೇಗಿರಬೇಕೆಂದು ನಕ್ಷೆ ಹೇಳುತ್ತದೆ. ಅದನ್ನು ಯಾವ ಯಂತ್ರದಲ್ಲಿ, ಯಾವ ಕ್ರಮದಲ್ಲಿ ತಯಾರಿಸಬೇಕೆಂದು ಹೇಳುವುದು ಪ್ರೋಸೆಸ್ ಪ್ಲ್ಯಾನ್. ಉದಾಹರಣೆಗೆ, ಉಕ್ಕಿನ ಶಾಫ್ಟ್ ಮೊದಲು ಲೇತ್‌ಗೆ, ಆಮೇಲೆ ಕೀವೇ (ಕೀಲಿ ಕೂರುವ ತೋಡು) ಕೊರೆಯಲು ಮಿಲ್ಲಿಂಗ್ ಯಂತ್ರಕ್ಕೆ, ನಂತರ ಕಾಯಿಸಿ ಗಡುಸುಗೊಳಿಸಲು ಕುಲುಮೆಗೆ, ಕೊನೆಗೆ ಗ್ರೈಂಡಿಂಗ್‌ಗೆ ಹೋಗುತ್ತದೆ. ಮೊದಲೇ ಗಡುಸಾದರೆ ಲೇತಿನ ಉಳಿಗೆ ಅದು ಸುಲಭವಾಗಿ ಜಗ್ಗದು.

ಈ ಯೋಜನೆಯನ್ನು ಕಂಪ್ಯೂಟರ್ ನೆರವಿನಿಂದ ರೂಪಿಸುವ ವಿಧಾನವೇ ‘ಕ್ಯಾಪ್’. ಇದರಲ್ಲಿ ಎರಡು ಬಗೆ.

• ವೇರಿಯಂಟ್: ಹೊಸ ಭಾಗವನ್ನು ಹೋಲುವ ಹಳೆಯ ಭಾಗದ ಯೋಜನೆಯನ್ನು ಹುಡುಕಿ ತಿದ್ದಲಾಗುತ್ತದೆ. ಹೋಲಿಕೆ ಗುರುತಿಸಲು ಸಂಕೇತಗಳಿವೆ. ಜರ್ಮನಿಯ ಆಖೆನ್‌ನಲ್ಲಿ ಹೆರ್ವಾರ್ಟ್ ಓಪಿಟ್ಸ್ ರೂಪಿಸಿದ ಸಂಕೇತದ ಮೊದಲ 5 ಅಂಕಿ ಆಕಾರವನ್ನೂ ಮುಂದಿನ 4 ಅಂಕಿ ಅಳತೆ, ಲೋಹ, ಕಚ್ಚಾವಸ್ತುವಿನ ರೂಪ, ನಿಖರತೆಯನ್ನೂ ಸೂಚಿಸುತ್ತವೆ.

• ಜನರೇಟಿವ್: ನಿಯಮಗಳ ಆಧಾರದಲ್ಲಿ ಕಂಪ್ಯೂಟರೇ ಹೊಸ ಯೋಜನೆ ಕಟ್ಟುತ್ತದೆ.