ಮೋಡ ನೋಡಲು ಹೋಗಿ ದೀಪ ಕಂಡ ಉಪಗ್ರಹ

ಅಮೆರಿಕದ ಸೇನೆಯು 1960ರ ದಶಕದಲ್ಲಿ ಹವಾಮಾನ ಉಪಗ್ರಹಗಳನ್ನು ಹಾರಿಸತೊಡಗಿದುದು ಮೋಡಗಳ ಇರುವನ್ನು ಅರಿಯುವುದಕ್ಕಾಗಿ. ಸುಮಾರು 830 ಕಿ.ಮೀ. ಎತ್ತರದಲ್ಲಿ, ಧ್ರುವಗಳ ಮೇಲೆ ಹಾಯುವ ಕಕ್ಷೆಯಿಂದ, 3,000 ಕಿ.ಮೀ. ಅಗಲದ ಪಟ್ಟಿಯನ್ನು ವೀಕ್ಷಿಸುವ ವ್ಯವಸ್ಥೆ ಮುಂದೆ ರೂಪುಗೊಂಡಿತು. ಬೆಳದಿಂಗಳಲ್ಲಿಯೂ ಮೋಡ ಕಾಣಲೆಂದು ಅಳವಡಿಸಿದ ಸೂಕ್ಷ್ಮ ಸಂವೇದಕಕ್ಕೆ ಊರುಗಳ ದೀಪಗಳೂ ಗೋಚರಿಸಿದವು.

ಹೆಂಡರ್ಸನ್, ಸ್ಟೋರಿಗಾರ್ಡ್ ಮತ್ತು ವೈಲ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವಾಸಾರ್ಹ ಅಂಕಿ-ಅಂಶಗಳಿಲ್ಲದ ದೇಶಗಳ ಆರ್ಥಿಕ ಬೆಳವಣಿಗೆಯನ್ನು ಅಂದಾಜಿಸಲು ಈ ಬೆಳಕನ್ನೇ ಬಳಸಿದರು. ಆದರೆ ಮಹಾನಗರಗಳ ಪ್ರಖರ ಬೆಳಕು ಸಂವೇದಕದ ಮಿತಿಯನ್ನು ಮೀರುತ್ತಿದ್ದುದರಿಂದ ಅಲ್ಲಿನ ಏರಿಕೆ ಪೂರ್ಣವಾಗಿ ದಾಖಲಾಗಲಿಲ್ಲ. ಹಗಲಿನಲ್ಲೇ ಮುಗಿಯುವ ವಹಿವಾಟು ಕಾಣಿಸಲೇ ಇಲ್ಲ. ಬೆಳಕು ಪೂರಕ ಸಾಕ್ಷ್ಯವೇ ಹೊರತು ಲೆಕ್ಕಪತ್ರವಲ್ಲ. ವರ್ತಕರು, ಉದ್ಯಮಿಗಳು ಸಲ್ಲಿಸುವ ಪ್ರಾಮಾಣಿಕ ವಿವರಗಳ ಸ್ಥಾನವನ್ನು ಅದು ತುಂಬಲಾರದು.