ಅಂಚೆಪೆಟ್ಟಿಗೆಯ ಕೀಲಿಕೈ ಯಾರ ಬಳಿ?

ಕಚೇರಿಯ ಇ-ಮೇಲ್, ಸಭೆಗಳ ದಿನಚರಿ ಎಲ್ಲವೂ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಲ್ಲಿದ್ದರೆ ಅವನ್ನು ನೋಡಲು ಔಟ್‌ಲುಕ್ಕನ್ನೇ ಕೊಳ್ಳಬೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಎಂಜಿನಿಯರುಗಳೂ ಇದ್ದರು. ಲಿನಕ್ಸ್ ಬಳಕೆದಾರರ ‘ಎವಲ್ಯೂಷನ್’ ತಂತ್ರಾಂಶವನ್ನು ಎಕ್ಸ್‌ಚೇಂಜ್‌ಗೆ ಜೋಡಿಸುವ ಕನೆಕ್ಟರ್ ಮೊದಲಿಗೆ ಹಣ ತೆತ್ತು ಪಡೆಯಬೇಕಾದ ಸರಕಾಗಿತ್ತು. ಅದನ್ನು ರೂಪಿಸಿದ ಝಿಮಿಯನ್ ಕಂಪನಿಯನ್ನು 2003ರಲ್ಲಿ ಕೊಂಡ ನೊವೆಲ್, 2004ರಲ್ಲಿ ಕನೆಕ್ಟರನ್ನು ಮುಕ್ತ ತಂತ್ರಾಂಶವಾಗಿಸಿತು. ಮುಂದಿನ ವರ್ಷಗಳಲ್ಲಿ ಎವಲ್ಯೂಷನ್ ಅಭಿವೃದ್ಧಿಯ ದೊಡ್ಡ ಹೊಣೆ ಹೊತ್ತದ್ದು ನೊವೆಲ್‌ನ ಬೆಂಗಳೂರು ಕೇಂದ್ರ.

ಆದರೆ ಆ ಕನೆಕ್ಟರ್ ಎಕ್ಸ್‌ಚೇಂಜ್‌ನ ವೆಬ್ ಬಾಗಿಲಿನಿಂದ ಒಳಹೋಗುತ್ತಿತ್ತು. ಎಕ್ಸ್‌ಚೇಂಜ್ 2010ರ ಆವೃತ್ತಿಯಲ್ಲಿ ‘ವೆಬ್‌ಡಾವ್’ ಎಂಬ ಆ ಬಾಗಿಲೇ ಮುಚ್ಚಿತು. ಅದೃಷ್ಟವಶಾತ್, ಯುರೋಪಿನ ಸ್ಪರ್ಧಾ ಕಾನೂನಿನ ಬಿಸಿ ಕಂಡಿದ್ದ ಮೈಕ್ರೋಸಾಫ್ಟ್ 2008ರಲ್ಲಿಯೇ ತನ್ನ ಪ್ರೊಟೊಕಾಲ್‌ಗಳ ವಿವರಗಳನ್ನು ಪ್ರಕಟಿಸಿತ್ತು, ಅನ್ಯಮಾರ್ಗ ಸಾಧ್ಯವಾಯಿತು.

ಸರಕಿನ ಬೆಲೆಗಿಂತ ಅದನ್ನು ತೊರೆಯುವ ವೆಚ್ಚ ಹೆಚ್ಚಾದಾಗ ಗ್ರಾಹಕ ಬಂದಿಯಾಗುತ್ತಾನೆ ಎಂಬುದು ಅರ್ಥಶಾಸ್ತ್ರದ ಸರಳ ಪಾಠ. ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿದ್ದು 2010ರಲ್ಲಿ. ಪೀಣ್ಯದ ಸಣ್ಣ ಉದ್ದಿಮೆದಾರರೂ ಮೇಲ್ ಸೇವೆಯ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಐಮ್ಯಾಪ್, ಕ್ಯಾಲ್‌ಡಾವ್‌ನಂಥ ಮುಕ್ತ ಮಾನಕಗಳ ಸೌಲಭ್ಯವಿದೆಯೇ ಎಂದು ವಿಚಾರಿಸುವುದು ಲೇಸು. ಪತ್ರ ನಮ್ಮದಾದ ಮೇಲೆ ಪೆಟ್ಟಿಗೆಯ ಕೀಲಿಕೈಯೂ ನಮ್ಮಲ್ಲಿರಬೇಡವೆ?